ಕೊನೆಯ ಸ್ಟಾಪಿನ ಕೆರೆ

ಟಕ್ಕೆಂದು ಇನ್ನೊಂದು ಗಾಜು ಜಾರಿ ಕೂತಿತು, ಮಗಳ ಪುಟ್ಟ ಮೂಗು ಹೊರಲಾರದೆ ಹೊತ್ತುಕೊಂಡ ಕಣ್ಣು ಪರೀಕ್ಷೆಯ ಭಾರದ ದುಂಡು ಫ್ರೇಮಿನ ಸೀಳಿನೊಳಗೆ, ಇದು ಚೆನ್ನಾಗಿದೆಯಾ, ಮುಂಚಿನದು ಚೆನ್ನಾಗಿತ್ತಾ ಎಂದು ಡಾಕ್ಟರಮ್ಮ ಕೇಳಿದರು, ಮಗಳು ತುಟಿ ಕಚ್ಚಿಕೊಂಡು ಯೋಚಿಸುತ್ತಾಳೆ, ಎರಡೂ ಒಂದೇ ಥರ ಇದೆ ಡಾಕ್ಟ್ರೇ ಅನ್ನುತ್ತಾಳೆ, ಒಂದೇ ಥರ ಅಂದರೆ ಒಳ್ಳೆಯದೋ ಕೆಟ್ಟದ್ದೋ — ಗೋಡೆಗೆ ಒತ್ತಿಕೊಂಡ ಸ್ಟೂಲಿನ ಮೇಲೆ ಕೂತ ಅಮ್ಮ ಲೆಕ್ಕ ಹಾಕುತ್ತಿದ್ದಾಳೆ, ಇದೇ ಕಟ್ಟಡದ ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿರುವವಳು, ಊರಿನವರ ಕಣ್ಣಿನ ಚೀಟಿಯನ್ನೆಲ್ಲ ಓದಿ ಮುಗಿಸಿದವಳು, ಈಗ ಮಗಳ ಚೀಟಿಗೆ ಕಾಯುತ್ತಿದ್ದಾಳೆ. ಮೊದಲ ಕನ್ನಡಕ ಏಳನೇ ವಯಸ್ಸಿಗೆ, ಮೈನಸ್ ಒಂದು, ಅದೇನು ಮಹಾ, ಎಷ್ಟೋ ಮಕ್ಕಳಿಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು, ಆರು ತಿಂಗಳಿಗೆ ಒಂದೂ ಮುಕ್ಕಾಲು, ಮತ್ತೆ ಆರು ತಿಂಗಳಿಗೆ ಎರಡೂವರೆ, ಮತ್ತೆ ಆರು ತಿಂಗಳಿಗೆ ಮೂರೂ ಕಾಲು, ದೂರದ್ದು ಕಾಣದವರ ಗಾಜು ನಡುವೆ ತೆಳು, ಅಂಚಿನಲ್ಲಿ ದಪ್ಪ, ಪವರ್ ಏರಿದಷ್ಟೂ ಅಂಚು ದಪ್ಪ, ಬೇರೆ ಅಮ್ಮಂದಿರು ಮಕ್ಕಳು ಬೆಳೆದದ್ದನ್ನು ಬಾಗಿಲ ಚೌಕಟ್ಟಿಗೆ ಗೀರು ಹಾಕಿ ನೋಡುತ್ತಾರೆ, ಅವಳು ಮಗಳು ಬೆಳೆದದ್ದನ್ನು ತನ್ನ ಹೆಬ್ಬೆರಳು ತೋರುಬೆರಳಿನ ನಡುವೆ, ಗಾಜಿನ ಅಂಚಿನಲ್ಲಿ ನೋಡಿದಳು, ಯಂತ್ರಕ್ಕೆ ಕೊಟ್ಟು ಉಜ್ಜುವಾಗ ಹಾರುವ ನೀರು ಮುಖಕ್ಕೆ ಸಿಡಿಯುತ್ತಿತ್ತು, ಒರೆಸಿಕೊಂಡರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಇವತ್ತು ನಾಲ್ಕು ಅಂದುಬಿಟ್ಟರೆ, ನಾಲ್ಕು ಅನ್ನದೆ ಇದ್ದರೆ ಸಾಕು, ಈ ಸಾಲು ಓದು ಮರೀ ಎಂದರು ಡಾಕ್ಟರಮ್ಮ, ಮಗಳು ಓದುತ್ತಿದ್ದಾಳೆ, ಒಂದಕ್ಷರ ತಡವರಿಸಿದಳು, ಇಲ್ಲ, ತಡವರಿಸಲಿಲ್ಲ, ಕೆಮ್ಮಿದಳು ಅಷ್ಟೇ.

ಎಲ್ಲಿಂದ ಶುರುವಾಯಿತು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ದಾರಿ ತನ್ನ ಕೈಗೇ ಬಂದು ನಿಲ್ಲುತ್ತದೆ, ಮಗಳಿಗೆ ಎರಡು ತುಂಬಿರಲಿಲ್ಲ, ಬಾಯಿ ಬಿಡದೆ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದ ಕೂಸು, ಅಂಗಡಿಗೆ ಹೊತ್ತಾಗುತ್ತಿತ್ತು, ಫೋನಿನಲ್ಲಿ ಕುಣಿಯುವ ಬಾತುಕೋಳಿಗಳ ವಿಡಿಯೋ ಹಾಕಿದಳು, ಬಾಯಿ ತಾನಾಗಿ ತೆರೆದುಕೊಂಡಿತು, ದೇವರು ಕಣ್ಣು ಬಿಟ್ಟ ಅಂದುಕೊಂಡಿದ್ದಳು ಅವತ್ತು, ಒಂದು ತುತ್ತಿಗೆ ಒಂದು ಬಾತುಕೋಳಿ, ನಾಲ್ಕು ತುಂಬುವಷ್ಟರಲ್ಲಿ ಟ್ಯಾಬು ಬಂತು, ಟ್ಯಾಬು ಬಂದಮೇಲೆ ಮನೆ ಎಷ್ಟು ತಣ್ಣಗಾಯಿತು, ಅಳುವಿಲ್ಲ, ಹಟವಿಲ್ಲ, ಗೋಡೆಯ ಮೇಲೆ ಗೀಚುವುದಿಲ್ಲ, ನಿನ್ನ ಮಗಳು ಬಂಗಾರ ಕಣೇ ಎಂದು ಪಕ್ಕದ ಮನೆಯಾಕೆ ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು, ಕಿಟಕಿಯ ಪಕ್ಕದ ಸೋಫಾದಲ್ಲಿ ಬಂಗಾರ ಮೊಣಕಾಲಿಗೆ ಟ್ಯಾಬು ಆನಿಸಿಕೊಂಡು ಕೂತಿರುತ್ತಿತ್ತು, ಆ ಪರದೆಗೆ ಬೆಳಕು ಬೀಳುತ್ತದೆಂದು ಕಿಟಕಿಯನ್ನೇ ಮುಚ್ಚಿಸುತ್ತಿತ್ತು. ಗಂಡ ಕೋಲ್ಡ್ ಸ್ಟೋರೇಜಿನ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುವ ಮೊದಲು ಫೋನು ಬಿಚ್ಚುವವನು, ಇನ್ನು ಮಾವ — ಅತ್ತೆ ಇಲ್ಲದ ಮನೆ, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಮಾವ, ಆರು ವರ್ಷದಿಂದ ಟಿವಿಯ ಎದುರಿನ ಕುರ್ಚಿ ಬಿಟ್ಟು ಕದಲಿದವರಲ್ಲ, ಗೇಟಿನ ತನಕ ನಡೆದರೆ ಮಂಡಿ ನೋವು, ನ್ಯೂಸಿನಿಂದ ಸಿನಿಮಾಕ್ಕೆ, ಸಿನಿಮಾದಿಂದ ಕಾಡುಪ್ರಾಣಿಗಳ ಚಾನೆಲಿಗೆ, ಅಲ್ಲಿಂದ ಮತ್ತೆ ನ್ಯೂಸಿಗೆ, ರಿಮೋಟಿನ ಮೇಲೆ ಆಡಿ ಆಡಿ ಬಲಗೈ ಹೆಬ್ಬೆರಳು ನಿದ್ದೆಯಲ್ಲೂ ಒತ್ತುತ್ತಿತ್ತು, ಅವಳಿಗೂ ಅವರಿಗೂ ಮಾತು ಎಂದರೆ ಊಟಕ್ಕೆ ಏಳ್ತೀರಾ ಮಾವ, ಹೂಂ, ಅಷ್ಟೇ, ಮೂರೂ ಕಾಲಿನ ಚೀಟಿ ಬರುವ ತನಕ ಒಂದೇ ಒಂದು ಸಲ ಉದ್ದಕ್ಕೆ ಮಾತಾಡಿದ್ದಳು, ಮಗಳ ಕನ್ನಡಕವನ್ನು ಅವರು ಮೇಜಿನ ಮೇಲೆ ಗಾಜು ಕೆಳಗಾಗಿ ಇಟ್ಟಾಗ, ಹಾಗೆ ಇಡಬೇಡಿ, ಜೇಬಿಗೂ ಹಾಕಬೇಡಿ, ಗೀರು ಬೀಳುತ್ತೆ, ಅದನ್ನು ಉಜ್ಜೋಳು ನಾನು ಎಂದು.

ಮೂರೂ ಕಾಲು ಎಂದು ಬರೆದುಕೊಟ್ಟ ದಿನ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದ್ದರು, ಮಗು ದಿನಕ್ಕೆ ಎಷ್ಟು ಹೊತ್ತು ಮನೆ ಹೊರಗಿರುತ್ತೆ, ಸ್ಕೂಲಿಗೆ ಹೋಗಿಬರುತ್ತಾಳೆ ಡಾಕ್ಟ್ರೇ, ವ್ಯಾನಲ್ಲಿ, ಹಾಗಲ್ಲ, ಬಯಲಲ್ಲಿ, ಆಕಾಶದ ಕೆಳಗೆ — ಲೆಕ್ಕ ಹಾಕಲು ಏನೂ ಇರಲಿಲ್ಲ, ದಿನಾ ಎರಡು ಗಂಟೆ ಹೊರಗಿನ ಬೆಳಕಲ್ಲಿ ಬಿಡಿ, ದೂರದ್ದನ್ನ ನೋಡೋಕೆ ಬಿಡಿ, ಇದು ಔಷಧಿ ಅಂತಲೇ ತಿಳ್ಕೊಳ್ಳಿ, ಎಂದರು. ಮನೆಗೆ ಬಂದವಳು ಆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಮಾವನ ಕುರ್ಚಿಯ ಮೇಲೆ ಇಳಿಸಿದಳು, ಮನೇಲಿ ದೊಡ್ಡವರೇ ಬೆಳಗ್ಗಿಂದ ಅದರ ಮುಂದೆ ಕೂತಿದ್ರೆ ನಾನು ಯಾವ ಬಾಯಲ್ಲಿ ಮಗೂಗೆ ಹೇಳಲಿ, ನೋಡಿ, ನೋಡಿ ಚೀಟಿ, ಮೂರೂ ಕಾಲು, ಹೀಗೇ ಹೋದ್ರೆ ಹದಿನೈದು ತುಂಬೋದ್ರಲ್ಲಿ ಸೋಡಾ ಬಾಟ್ಲಿ ತಳ ಕೂರಿಸ್ಬೇಕಾಗುತ್ತೆ ನಾನು, ಎಂದು ಏನೇನೋ, ಅಷ್ಟನ್ನು ಹೇಳುವಾಗ ಅಡುಗೆಮನೆಯಲ್ಲಿ ಡಬ್ಬಿಗೆ ಒರಗಿಸಿಟ್ಟ ಅವಳದೇ ಫೋನಿನಲ್ಲಿ ಧಾರಾವಾಹಿಯ ಅತ್ತೆ ಸೊಸೆಗೆ ಬೈಯುತ್ತಿದ್ದಳು, ಅದು ಎಲ್ಲರಿಗೂ ಕೇಳಿಸುತ್ತಿತ್ತು, ಮಾವನಿಗೂ ಕೇಳಿಸುತ್ತಿತ್ತು, ಎತ್ತಿ ಆಡಬಹುದಿತ್ತು, ಆಡಲಿಲ್ಲ, ಟಿವಿಯ ಸದ್ದು ಇಳಿಸಿದರು, ಆಮೇಲೆ ಆರಿಸಿದರು, ಆರಿಸಿದ ಪರದೆಯಲ್ಲಿ ಕುರ್ಚಿಯೊಂದು ಅದರ ಮೇಲೊಬ್ಬ ಮುದುಕ ಕಾಣುತ್ತಿದ್ದರು, ಅದನ್ನೇ ನೋಡುತ್ತ ಕೂತರು.

ಮರುದಿನ ಸಂಜೆ ಬಂದಾಗ ರಿಮೋಟು ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿತ್ತು, ಸೆಲ್ಲು ಎಲ್ಲಿ ಮಾವ, ತೆಗೆದಿಟ್ಟಿದೀನಿ ಎಂದರು, ಮೊಮ್ಮಗಳು ಎಲ್ಲಿ, ಕೈಕಾಲು ತೊಳೀತಿದಾಳೆ, ಎಲ್ಲಿಗೆ ಹೋಗಿದ್ರಿ, ಹೀಗೇ ಒಂದು ಸುತ್ತು, ಅಷ್ಟೇ, ಅದರ ಮರುದಿನವೂ ಒಂದು ಸುತ್ತು, ಮೂರಕ್ಕೆ ಸ್ಕೂಲು ಬಿಟ್ಟರೆ ಮೂರೂವರೆಗೆ ಇಬ್ಬರೂ ಮಾಯ, ಆರಕ್ಕೆ ಹಾಜರು, ಮೊದಲ ವಾರವೆಲ್ಲ ಮಗಳು ಟ್ಯಾಬು ಬೇಕೆಂದು ನೆಲಕ್ಕೆ ಬಿದ್ದು ಹೊರಳಿದಳು, ಮಾವನ ಕೋಣೆಯಿಂದ ಮಂಡಿಗೆ ಹಚ್ಚುವ ಮುಲಾಮಿನ ವಾಸನೆ ಮನೆಯೆಲ್ಲ ಹಬ್ಬಿತು, ಎರಡನೇ ವಾರ ಹೊರಳಾಟ ನಿಂತಿತು, ಅದರಿಂದ ಅವಳಿಗೆ ಸಂತೋಷವಾಗಬೇಕಿತ್ತು, ಅನುಮಾನವಾಯಿತು. ಲಂಗದ ಅಂಚು ಒದ್ದೆ, ಕಾಲುಚೀಲ ಕೆಸರು, ಗಾಜಿನ ಮೇಲೆ ಅಗಲವಾದ ಹೆಬ್ಬೆರಳಿನ ಗುರುತು, ದಿನಾ ಒಂದು, ಸರಿಯಾಗಿ ನಡುವೆ, ಎಲ್ಲಿಗೆ ಹೋಗ್ತೀರೇ ದಿನಾ ಎಂದರೆ ಮಗಳು ಬಾಯಿಗೆ ಬೀಗ ಹಾಕಿಕೊಂಡ ಹಾಗೆ ಕೈಸನ್ನೆ ಮಾಡಿ, ಅದು ತಾತಂದು ನಂದು ಗುಟ್ಟು ಅನ್ನುತ್ತಾಳೆ, ಗುಟ್ಟು ಏನಿರುತ್ತೆ, ಪೇಟೆಬೀದಿಯ ಟಿವಿ ಅಂಗಡಿ ಅವಳಿಗೆ ನೆನಪಾಯಿತು, ಗಾಜಿನ ಹಿಂದೆ ಗೋಡೆಯುದ್ದಕ್ಕೂ ಹದಿನಾಲ್ಕು ಟಿವಿಗಳು, ಹದಿನಾಲ್ಕರಲ್ಲೂ ಅದೇ ಮೀನು ಈಜುತ್ತದೆ, ಯಾವಾಗಲೋ ಒಂದು ಸಲ ಮಾವ ಅದರೆದುರು ಮೈಮರೆತು ನಿಂತದ್ದನ್ನು ಕಂಡಿದ್ದಳು, ಅಲ್ಲಿಗೇ, ಇನ್ನೆಲ್ಲಿಗೆ, ಮನೆಯ ಟಿವಿ ಬಿಟ್ಟು ಬೀದಿಯ ಟಿವಿ ಹಿಡಿದಿದ್ದಾರೆ, ಮಗುವನ್ನೂ ಜೊತೆಗೆ ನಿಲ್ಲಿಸಿಕೊಂಡಿದ್ದಾರೆ, ಕೆಸರು ಅಂಗಡಿ ಮುಂದಿನ ಚರಂಡಿಯದ್ದು — ಒಬ್ಬರನ್ನು ಕೆಟ್ಟವರೆಂದು ತೀರ್ಮಾನ ಮಾಡಿಕೊಂಡ ಮೇಲೆ ಕೆಸರಿಗೂ ಒಂದು ಕಾರಣ ಸಿಕ್ಕಿಬಿಡುತ್ತದೆ, ಎಷ್ಟು ಸುಲಭವಾಗಿ ಸಿಕ್ಕಿತ್ತು, ಈಗ ನೆನೆದರೆ ಮುಖ ಬಿಸಿಯಾಗುತ್ತದೆ, ಇನ್ನೊಂದು ಕಣ್ಣು ಮುಚ್ಚು ಮರೀ, ಬೆರಳ ಸಂದಿಯಿಂದ ಇಣುಕಬಾರದು, ಡಾಕ್ಟರಮ್ಮ ನಗುತ್ತಿದ್ದಾರೆ, ನಗುತ್ತಿದ್ದಾರೆ ಅಂದರೆ, ಇಲ್ಲ, ಅವರು ಎಲ್ಲರ ಹತ್ತಿರವೂ ಹೀಗೇ ನಗುತ್ತಾರೆ.

ಆ ಅನುಮಾನ ತಡೆಯಲಾಗದೆ ಒಂದು ದಿನ ಅಂಗಡಿಯಲ್ಲಿ ತಲೆನೋವು ಎಂದು ಸುಳ್ಳು ಹೇಳಿ ಅರ್ಧ ದಿನ ರಜ ಹಾಕಿದಳು, ಯಜಮಾನರು ಪಾಪ, ಮಾತ್ರೆ ಬೇಕೇನಮ್ಮ ಎಂದು ಡ್ರಾಯರು ತಡಕಿದರು, ಬೇಡ ಸರ್ ಎಂದು ಬಂದು ಬಸ್ ಸ್ಟಾಪಿನ ಆಚೆಯ ಕಂಬಕ್ಕೆ ಮರೆಯಾಗಿ ನಿಂತಳು, ಅಜ್ಜ ಮೊಮ್ಮಗಳು ಕೈಹಿಡಿದುಕೊಂಡು ಬಂದು ಹತ್ತಿದರು, ಅವಳು ಅದೇ ನಂಬರಿನ ಮುಂದಿನ ಬಸ್ಸಿಗೆ ಕಾದು ಹತ್ತಿದಳು, ಮೂರನೇ ಸ್ಟಾಪು ಪೇಟೆಬೀದಿ, ಬಗ್ಗಿ ನೋಡಿದಳು, ಹದಿನಾಲ್ಕು ಟಿವಿಗಳಲ್ಲೂ ಒಂದು ಜಲಪಾತ ಬೀಳುತ್ತಿತ್ತು, ಎದುರು ಒಬ್ಬರೂ ಇರಲಿಲ್ಲ, ಕಂಡಕ್ಟರನ್ನು ಕೇಳಿದಳು, ಒಬ್ಬರು ರಿಟೈರ್ಡ್ ಡ್ರೈವರು ಸ್ವಲ್ಪ ಕುಂಟ್ತಾರೆ, ಜೊತೆಗೆ ಕನ್ನಡಕದ ಹುಡುಗಿ — ಓ, ನಮ್ಮ ಗುರುಗಳಾ ಎಂದ ಕಂಡಕ್ಟರು, ಕೊನೇ ಸ್ಟಾಪಿಗೆ ಹೋಗ್ತಾರಲ್ಲ ದಿನಾ, ನೀವು ಅವರಿಗೇನಾಗ್ಬೇಕು, ಸೊಸೆ ಎಂದಳು. ಬಸ್ಸು ಖಾಲಿಯಾಗುತ್ತ ಆಗುತ್ತ ಹೋಯಿತು, ಮನೆಗಳು ಮುಗಿದವು, ಗೋದಾಮುಗಳು ಮುಗಿದವು, ಪಂಪ್‌ಹೌಸಿನ ಪಕ್ಕ ಬಸ್ಸು ಒಂದು ಸುತ್ತು ತಿರುಗಿ ನಿಂತಿತು, ಇಳಿದರೆ ಧೂಳು, ಒಂದು ಕಾಲುದಾರಿ, ಆಳೆತ್ತರದ ಜೊಂಡು, ಅದರಾಚೆ ಇದ್ದಕ್ಕಿದ್ದಂತೆ ಅಷ್ಟು ದೊಡ್ಡ ನೀರು, ಈ ಊರಿನಲ್ಲೇ ಹುಟ್ಟಿ ಬೆಳೆದವಳು ತಾನು, ಹೀಗೊಂದು ಕೆರೆ ಇದೆ ಎಂದು ಗೊತ್ತಿರಲಿಲ್ಲ, ಗಾಳಿ ನೀರಿನ ಮೇಲಿಂದ ಬಂದು ಮುಖಕ್ಕೆ ಬಡಿಯಿತು, ಜೊಂಡನ್ನು ಎರಡು ಕೈಯಲ್ಲಿ ಸರಿಸಿದಳು.

ಮಗಳು ದಡದ ಚಪ್ಪಟೆ ಬಂಡೆಯ ಮೇಲೆ ಬೋರಲು ಮಲಗಿದ್ದಾಳೆ, ಮುಖ ನೀರಿಗೆ ಒಂದು ಗೇಣು, ಮುಖದ ಮೇಲೆ ಕನ್ನಡಕ ಇಲ್ಲ — ಕೆರೆಗೆ ಬಿತ್ತು, ಹೋಯಿತು ಅಂದುಕೊಂಡಳು, ಆಮೇಲೆ ಮಾವ ಕಂಡರು, ಬಂಡೆಯ ಪಕ್ಕ ಮಂಡಿ ಮುಳುಗುವ ನೀರಿನಲ್ಲಿ, ಪ್ಯಾಂಟಿನ ಒಂದು ಕಾಲು ಮಡಚಿದೆ, ಇನ್ನೊಂದು ಮಡಿಕೆ ಬಿಚ್ಚಿ ನೀರಲ್ಲಿ ತೇಲುತ್ತಿದೆ, ಎಡಗೈ ಮೊಮ್ಮಗಳ ಲಂಗದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದೆ, ಬಲಗೈ ನೇರ ಆಕಾಶಕ್ಕೆ ಎತ್ತಿದೆ, ಎತ್ತಿದ ಕೈಯಲ್ಲಿ ಕನ್ನಡಕ, ಜೇಬಿಗೆ ಹಾಕಿಲ್ಲ, ಬಂಡೆಯ ಮೇಲೆ ಇಟ್ಟಿಲ್ಲ, ನೀರು ಸಿಡಿಯದಷ್ಟು, ಗೀರು ಬೀಳದಷ್ಟು ಎತ್ತರಕ್ಕೆ ಹಿಡಿದು ನಿಂತಿದ್ದಾರೆ, ಎಷ್ಟು ಹೊತ್ತಿನಿಂದಲೋ, ಕೈ ಸಣ್ಣಗೆ ಅದುರುತ್ತಿದೆ, ಅದುರಿದಾಗೆಲ್ಲ ಗಾಜಿಗೆ ಬಿಸಿಲು ತಾಗಿ ಮಿನುಗುತ್ತಿದೆ, ಅವಳು ಉಜ್ಜಿದ ಗಾಜು. ತಾತ, ಇದಕ್ಕೆ ಹಿಂದಿನ ಕಾಲು ಬಂದಿದೆ, ಮುಂದಿಂದು ಬಂದಿಲ್ಲ, ಎನ್ನುತ್ತಿದ್ದಳು ಮಗಳು ನೀರಿಗೆ ಹೇಳುವಂತೆ, ಹಂಗಾದ್ರೆ ಇನ್ನೂ ಲೈಸೆನ್ಸ್ ಸಿಕ್ಕಿಲ್ಲ ಬಿಡು ಗೂಬೆಮರಿ, ಎಂದರು ಮಾವ, ಗೊದಮೊಟ್ಟೆಗಳು, ಕಪ್ಪೆಮರಿಗಳನ್ನು ನೋಡುತ್ತಿದ್ದಾರೆ, ಹೌದಲ್ಲ, ಹತ್ತಿರದ್ದು ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತದೆ ಇವಳಿಗೆ, ಅವಳ ಕಸುಬಿನ ಬುದ್ಧಿ ಅಷ್ಟನ್ನು ಹೇಳಿತು, ಮಿಕ್ಕದ್ದಕ್ಕೆ ಬುದ್ಧಿ ಇರಲಿಲ್ಲ, ಆಮೇಲೆ ಮಗಳು ಎದ್ದು ಕೈಚಾಚಿದಳು, ಮಾವ ಬಗ್ಗಿ ಕನ್ನಡಕವನ್ನು ತಾವೇ ಅವಳ ಕಿವಿಗೆ ಸಿಕ್ಕಿಸಿ ಹೆಬ್ಬೆರಳಿನಿಂದ ನಡುವೆ ಒತ್ತಿ ಕೂರಿಸಿದರು, ಓ, ಆ ಗುರುತು, ಈಗ ದೂರದ್ದು ಹೇಳು ಎಂದರು, ಆ ದಡದಲ್ಲಿ ಒಂದು ಒಣಮರ, ಮರದಲ್ಲಿ ಮೂರು, ಅಲ್ಲ ನಾಲ್ಕು ಹಕ್ಕಿ, ಒಂದು ರೆಕ್ಕೆ ಒಣಗಿಸ್ತಿದೆ, ಭಲೇ ಎಂದರು ಮಾವ, ನಂಗೆ ಮರಾನೇ ಕಾಣ್ತಿಲ್ಲ ನೋಡು.

ಜೊಂಡನ್ನು ಸದ್ದಾಗದಂತೆ ಬಿಟ್ಟು ಅವಳು ಹಿಂದಕ್ಕೆ ಬಂದಳು, ಬಸ್ಸು ಇನ್ನೂ ನಿಂತಿತ್ತು, ಹತ್ತಿ ಕಿಟಕಿಗೆ ತಲೆ ಆನಿಸಿದಳು, ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು, ತೆಗೆಯಲಿಲ್ಲ, ಪೇಟೆಯಲ್ಲಿಳಿದು ಅಂಗಡಿ ಮುಚ್ಚುವ ಹೊತ್ತಿನ ತನಕ ಸುತ್ತಿ ಮನೆಗೆ ಹೋದಳು, ಆ ಸಂಜೆ ಗಾಜಿನ ಮೇಲಿನ ಹೆಬ್ಬೆರಳಿನ ಗುರುತನ್ನು ಬಟ್ಟೆ ಹಿಡಿದು ತುಂಬ ಹೊತ್ತು ನೋಡಿದಳು, ಒರೆಸಲೇಬೇಕಲ್ಲ, ಒರೆಸಿದಳು, ಅಡುಗೆಮನೆಯಲ್ಲಿ ಡಬ್ಬಿಗೆ ಫೋನು ಒರಗಿಸಲಿಲ್ಲ, ಧಾರಾವಾಹಿಯಲ್ಲಿ ಆ ಸೊಸೆಯ ಗತಿ ಏನಾಯಿತೋ ಇವತ್ತಿಗೂ ಗೊತ್ತಿಲ್ಲ. ಹೋಗಿ ನೋಡಿಬಂದದ್ದನ್ನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ, ತಿಂಗಳ ಮೇಲೆ ಒಂದು ಭಾನುವಾರ ಮಗಳೇ ಗುಟ್ಟಿನ ಬೀಗ ತೆಗೆದು ಅಮ್ಮನನ್ನೂ ಕರೆದಳು, ಅವಳು ಹೊಸದಾಗಿ ನೋಡುವವಳಂತೆ ಬಂಡೆಯ ಮೇಲೆ ಕೂತಳು, ಹತ್ತು ನಿಮಿಷಕ್ಕೆ ಮೈಯೆಲ್ಲ ಇರುವೆ ಹರಿದ ಹಾಗಾಯಿತು, ಕೈ ಚೀಲಕ್ಕೆ ಹೋಗುತ್ತದೆ, ವಾಪಸು ಬರುತ್ತದೆ, ನೋಡಲು ಏನಿದೆ, ನೀರು, ನೀರು ನೋಡಿ ಆಯಿತಲ್ಲ, ಪಕ್ಕದಲ್ಲಿ ಮಾವ ಅವಳತ್ತ ತಿರುಗದೆ, ಸ್ವಲ್ಪ ಹೊತ್ತು ಬೇಜಾರಾಗುತ್ತೆ ಎಂದರು, ನಂಗೂ ಆಗ್ತಿತ್ತು, ಹಕ್ಕಿ ಅಲ್ಲಾಡದೆ ಕೂತ್ರೆ ಚಾನೆಲ್ ಬದಲಾಯಿಸೋಣ ಅನ್ಸೋದು, ಆಮೇಲೆ ಅದೂ ಹೋಗುತ್ತೆ, ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಇಪ್ಪತ್ತೆರಡು ವರ್ಷ ಇದೇ ರೂಟು ಓಡಿಸ್ದೆ ಕಣಮ್ಮ, ಮೇಲೆ ಪಂಪ್‌ಹೌಸ್ ಹತ್ರ ಏಳು ನಿಮಿಷ ನಿಲ್ಲಿಸ್ತಿದ್ದೆ, ಗಾಜಿನೊಳಗಿಂದ ಹೊಳೆಯೋದು ನೀರು, ಇವತ್ತು ಇಳಿಯೋಣ ನಾಳೆ ಇಳಿಯೋಣ ಅಂತ, ಟೈಮು ಆಗೋದು, ಸ್ಟಾರ್ಟ್ ಮಾಡೋದು, ಆಮೇಲೆ ರಿಟೈರಾಯ್ತು, ಇನ್ನೊಂದು ಗಾಜಿನ ಮುಂದೆ ಕೂತೆ, ನೀನು ಅವತ್ತು ಬೈದೆ ನೋಡು — ಅವಳು ಗಾಬರಿಯಾಗಿ ಮಾವ, ಅವತ್ತು ನಾನು ಎಂದಳು, ಅವರು ಕೈ ಅಡ್ಡ ಮಾಡಿದರು, ಅಲ್ನೋಡು ಮಿಂಚುಳ್ಳಿ ಎಂದರು, ನೋಡುವಷ್ಟರಲ್ಲಿ ನೀಲಿ ಗೆರೆಯೊಂದು ನೀರನ್ನು ಕೊಯ್ದು ಹೋಗಿತ್ತು, ಮಗಳು ಮಾತ್ರ ಪೂರ್ತಿ ಕಂಡಿದ್ದಳು, ತಾತಂಗೆ ಒಬ್ಬರೇ ಬಸ್ಸಲ್ಲಿ ಹೋಗೋಕೆ ಭಯ ಅಂತ ನಾನು ಜೊತೇಲಿ ಬರೋಕೆ ಶುರು ಮಾಡಿದ್ದಮ್ಮ, ಎಂದು ಆಮೇಲೆ ಕಿವಿಯಲ್ಲಿ ಹೇಳಿದಳು, ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ, ಬಸ್ಸೆಂದರೆ ಭಯವಂತೆ.

ಮೂರೂ ಕಾಲೇ, ಎಂದರು ಡಾಕ್ಟರಮ್ಮ, ಏನು ಡಾಕ್ಟ್ರೇ, ಅಷ್ಟೇ ಇದೆ, ಏರಿಲ್ಲ, ಇನ್ನೊಂದು ಸಲ ನೋಡಿ ಹೇಳ್ತಿದೀನಿ, ಎರಡು ಕಣ್ಣೂ ಅಷ್ಟೇ, ಹೊರಗೆ ಆಡಿದ್ದಕ್ಕೇ ನಿಂತಿತು ಅಂತ ಈಗಲೇ ನಾನು ಹೇಳೋಕಾಗಲ್ಲ, ಮುಂದೆ ಸ್ವಲ್ಪ ಏರಲೂಬಹುದು, ಆದ್ರೆ ಏನು ಮಾಡ್ತಿದೀರೋ ಅದನ್ನ ಬಿಡಬೇಡಿ, ಈ ಸಲ ಹೊಸ ಗಾಜು ಬೇಕಾಗಿಲ್ಲ — ಹನ್ನೊಂದು ವರ್ಷದಲ್ಲಿ ಈ ಮಾತನ್ನು ಕೇಳಿ ಕನ್ನಡಕದ ಅಂಗಡಿಯವಳಿಗೆ ಇಷ್ಟು ಸಂತೋಷವಾದದ್ದಿಲ್ಲ, ಮಗಳ ಮೂಗಿನಿಂದ ಆ ಭಾರದ ಫ್ರೇಮನ್ನು ತೆಗೆದರು, ಎರಡು ಕೆಂಪು ಗುರುತು ಉಳಿದಿವೆ, ಅವಳು ಅವನ್ನು ಬೆರಳಿನಿಂದ ತೀಡುತ್ತಾಳೆ, ಬಿಡಮ್ಮ ಎನ್ನುತ್ತಾಳೆ ಮಗಳು, ತಾತ ಕಾಯ್ತಿದಾರೆ. ಹೊರಗಿನ ಸಾಲುಕುರ್ಚಿಗಳಲ್ಲಿ ಎಲ್ಲರ ತಲೆಯೂ ಗೋಡೆಯ ಮೇಲಿನ ಟಿವಿಗೆ ಎತ್ತಿದೆ, ಮಾವನ ತಲೆ ಕಿಟಕಿಗೆ, ಏನಂದ್ರು ಎಂದರು ಏಳದೆ, ಏಳಲು ಧೈರ್ಯ ಬಾರದವರ ಹಾಗೆ ಕುರ್ಚಿಯ ಕೈ ಹಿಡಿದುಕೊಂಡು, ಅಷ್ಟೇ ಇದೆ ಮಾವ, ಏರಿಲ್ಲ, ಮಾವ ಹೂಂ ಎಂದರು, ಮತ್ತೊಂದು ಸಲ ಹೂಂ ಎಂದರು, ಗಡಿಯಾರ ನೋಡಿದರು, ಹಂಗಾದ್ರೆ ನಾಲ್ಕೂ ಹತ್ತರ ಬಸ್ಸು ಸಿಗುತ್ತೆ ಗೂಬೆಮರಿ. ನಾನೂ ಬರ್ತೀನಿ ಎಂದಳು ಅವಳು, ಅಂಗಡಿ ಎಂದರು ಮಾವ, ರಜ ಹೇಳ್ತೀನಿ, ಏನಂತ ಹೇಳ್ತೀಯ, ತಲೆನೋವು ಅಂತ, ಮಾವ ಈಗ ಎದ್ದರು, ಮೀಸೆಯಡಿಯಲ್ಲಿ ನಗು ಸುಳಿದು ಹೋಯಿತು, ಬೇರೆ ಏನಾದ್ರೂ ಹೇಳು ಎಂದರು, ಹೋದ್ಸಲ ಸಾಯಂಕಾಲ ಯಜಮಾನರು ಮನೆಗೆ ಫೋನ್ ಮಾಡಿದ್ರು, ತಲೆನೋವು ಹೇಗಿದೆ ಅಂತ, ಕಡಿಮೆ ಆಗಿದೆ, ಮಲಗಿದಾಳೆ ಅಂದೆ, ನೀನು ಇನ್ನೂ ಬಂದಿರಲಿಲ್ಲ, ನಾವು ಬಂದು ಕೈಕಾಲು ತೊಳ್ಕೊಂಡಿದ್ವಿ, ಎಲ್ಲಿಗೆ ಹೋಗಿದ್ದೆ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ, ಕಂಡಕ್ಟರು ಮಾತ್ರ ಮಾರನೇ ದಿನ ನಿಮ್ಮ ಸೊಸೆ ಬಂದಿದ್ರು ಗುರುಗಳೇ ಅಂದ.

ಅಷ್ಟು ದಿನ ಮಾವನಿಗೆ ಗೊತ್ತಿತ್ತು, ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ, ಭಾನುವಾರ ಪಕ್ಕದಲ್ಲಿ ಕೂತಾಗಲೂ, ಅವಳು ಏನೋ ಹೇಳಬೇಕು, ಮಾವ ಎಂದು ಶುರುಮಾಡಿದಳು, ಈ ಮನೆಯಲ್ಲಿ ಯಾರೂ ಯಾರಿಗೂ ಹೇಳಿ ರೂಢಿಯಿಲ್ಲದ ಮಾತು, ಅದಕ್ಕೆ ಬಾಯಿ ತಿರುಗುವುದಿಲ್ಲ, ಮಗಳು ಆಗಲೇ ಮೆಟ್ಟಿಲಿಳಿಯುತ್ತಿದ್ದಾಳೆ, ಮಾವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾರೆ, ಬಲಗೈ ಕಂಬಿಯ ಮೇಲೆ, ಆ ಕೈಯನ್ನು ಅವಳು ಹಿಂದಿನಿಂದ ನೋಡುತ್ತಾಳೆ, ನರ ಎದ್ದ, ಅಗಲ ಹೆಬ್ಬೆರಳಿನ ಕೈ, ಅವಳ ಕಣ್ಣಿಗೆ ಆ ಕೈ ಮೆಟ್ಟಿಲಿನ ಮೇಲಿಲ್ಲ, ಕಟ್ಟಡದಲ್ಲಿಲ್ಲ, ನೀರಿನ ನಡುವೆ ನೇರ ಮೇಲಕ್ಕೆ ಎತ್ತಿದೆ, ಸಣ್ಣಗೆ ಅದುರುತ್ತಿದೆ, ಇಳಿಸುತ್ತಿಲ್ಲ, ಎತ್ತಿದ ಕೈಯ ತುದಿಯಲ್ಲಿ ಎರಡು ಪುಟ್ಟ ಗಾಜು, ಬಿಸಿಲು, ಎತ್ತಿದ ಕೈ, ಎರಡು ಗಾಜು —